ಒಂದು ಪೆಟ್ಟು ಜಾಸ್ತಿ

ವಾಮಂಜೂರು ದಾಟಿ ಎಡಕ್ಕೆ ತಿರುಗಿದರೆ
ಮುರಕಲ್ಲಿನ ಗುಡ್ಡ ಕಡಿದು ಮಾಡಿದ ವಾಟರ್ ಪಾರ್ಕು.
ಮೇ ತಿಂಗಳ ಶನಿವಾರ ಟಿಕೇಟಿನ ಜೊತೆ ಒಂದು ಗಡ್‌ಬಡ್,
ಸಂಜೆ ಆರಕ್ಕೆ
‘ಸೀಗಲ್ ಆರ್ಕೆಸ್ಟ್ರಾ: ಅದೇ ಹಾಡು, ಅದೇ ವೇಷ’.

ತಂಗಿಯ ಮೊಮ್ಮಗಳು ಧನ್ವಿಗೆ ಜಾರುಬಂಡೆ ಬೇಕು.
ನನಗೆಂತ ಬೇಕೆಂದು ಯಾರೂ ಕೇಳಲಿಲ್ಲ.
ಹಿರಿಯರಿಗೆ ಅರ್ಧ ದರ, ಅಷ್ಟೇ.

ಸೆಕೆ ಅಂದರೆ ಸೆಕೆ ಮಾರಾಯ್ರೆ, ಕುಡಿದ ನೀರು
ಹೊಟ್ಟೆಗಿಳಿಯುವ ಮೊದಲೇ ಬೆನ್ನಿಗೆ ಬರುತ್ತದೆ.
ವೇದಿಕೆಯ ಮೇಲೆ ಐವರು ಹುಡುಗರು, ಒಬ್ಬಳು ಹುಡುಗಿ,
ಬೆಲ್‌ಬಾಟಮ್ಮು, ಅಂಗೈಯಗಲದ ಕಾಲರು,
ಕಿವಿ ಮುಚ್ಚುವ ವಿಗ್ಗು.
ಸಿಪ್ರಿಯನ್ ಮಾಸ್ಟ್ರು ಆದವನು ಹಗಲು ಧಕ್ಕೆಯಲ್ಲಿ
ಐಸ್ ಪ್ಲಾಂಟಿನ ಲೆಕ್ಕ ಬರೆಯುತ್ತಾನಂತೆ.
ಅವನ ಅಂಟಿಸಿದ ಮೀಸೆ ಎರಡನೇ ಹಾಡಿಗೆ
ಒಂದು ಬದಿಯಿಂದ ರಾಜೀನಾಮೆ ಕೊಡುತ್ತದೆ.

ಅಲೆಯ ಕೊಳದ ಸೈರನ್ನು ಅರ್ಧ ಗಂಟೆಗೊಮ್ಮೆ
ಪಲ್ಲವಿ, ಚರಣ ನೋಡದೆ ಕೂಗುತ್ತದೆ.
ಕೇಳುವವರಲ್ಲಿ ಅರ್ಧ ಜನ ಎದ್ದು ಓಡುತ್ತಾರೆ,
ಒದ್ದೆ ನೈಲಾನು, ಕ್ಲೋರಿನ್ನಿನ ವಾಸನೆ ಬಿಟ್ಟು.
ಪಣಂಬೂರಿನ ಸಮುದ್ರ ಇಲ್ಲಿಂದ ಅರ್ಧ ಗಂಟೆ.
ಅದಕ್ಕೆ ಸೈರನ್ನಿಲ್ಲ.

ಕೊಂಗೊ ಬಾರಿಸುವ ಹುಡುಗ ನಿಶಲ್ ಕುಂದರ್.
ಅಂದರೆ ನಾನು.
ಎಂಬತ್ತಾರನೇ ಇಸವಿಯ ನಾನು.
ಹಳದಿ ಶರ್ಟು ಸರಿಯಾಗಿದೆ. ವಾಚು ತಪ್ಪು.
ನನ್ನಲ್ಲಿ ವಾಚಿರಲಿಲ್ಲ,
ಹೆಂಚಿನ ಕಾರ್ಖಾನೆಯ ಕೂಗೇ ನನ್ನ ಗಂಟೆ.

ನಾವು ಹಾಡಿದ್ದೂ ಬೇರೆಯವರ ಹಾಡೇ,
ಬೊಂಬಾಯಿಯದ್ದು, ಗೋವೆಯದ್ದು, ರೇಡಿಯೋದಲ್ಲಿ
ಕೇಳಿ ಬರೆದುಕೊಂಡದ್ದು, ಕೇಳದಲ್ಲಿ ಕಟ್ಟಿಕೊಂಡದ್ದು.
ಮದುವೆಯ ರೋಸಿಗೆ ಹೋಗಿ ಬಾರಿಸಿ
ಬಾಳೆಲೆಯಲ್ಲಿ ಕಟ್ಟಿದ ಸಣ್ಣಾಸು ಹಿಡಿದು ಬರುತ್ತಿದ್ದೆವು.
ಒಂದೇ ಒಂದು ಕ್ಯಾಸೆಟ್ಟು ಮಾಡಿದೆವು,
ಹಂಪನಕಟ್ಟೆಯ ಮಾಳಿಗೆಯಲ್ಲಿ, ಕಿಟಕಿಗೆ ಗೋಣಿ ಕಟ್ಟಿ.
ನಾನು ರಾತ್ರಿ ಪಾಳಿ ಮುಗಿಸಿ ಸೀದಾ ಬಂದವನು,
ಉಗುರಲ್ಲಿ ಆವೆಮಣ್ಣು.
ಎರಡನೇ ಬದಿಯ ಮೂರನೇ ಹಾಡಿನಲ್ಲಿ
ಕಣ್ಣು ಒಂದು ಗಳಿಗೆ ಮುಚ್ಚಿತು,
ಬೆಚ್ಚಿ ತೆರೆಯಿತು,
ಕೈ ಬಿತ್ತು. ಒಂದು ಪೆಟ್ಟು ಜಾಸ್ತಿ.
ಹಿಲ್ಡಾ ತಿರುಗಿದಳು. ಮಾಸ್ಟ್ರು ತಿರುಗಿದರು.
ಇನ್ನೊಂದು ಟೇಪಿಗೆ ದುಡ್ಡಿರಲಿಲ್ಲ.
‘ಇರಲಿ’ ಅಂದರು.
ಆ ‘ಇರಲಿ’ ನನ್ನೊಟ್ಟಿಗೆ ಮೂವತ್ತೆಂಟು ವರ್ಷ
ಕೂತು ಊಟ ಮಾಡಿದೆ.

ಮೊದಲ ಶನಿವಾರ ನಿಶಲ್ ಅದನ್ನು ಬಾರಿಸಿದ.
ಅದೇ ಜಾಗ, ಅದೇ ಎಡವು.
ಮುಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು.
ನನ್ನ ಚಮಚ ಮರಳಿಗೆ ಬಿತ್ತು.
ಎರಡನೇ ಶನಿವಾರ ಧನ್ವಿಗೆ ಜ್ವರ,
ಒಬ್ಬನೇ ಬಂದೆ,
ಟಿಕೇಟಿನವಳು ಒಂದು ಥರ ನೋಡಿದಳು.
ಮೂರನೇ ವಾರ ವೇದಿಕೆಯ ಹಿಂದೆ ಹೋಗಿ ಕೇಳಿದೆ,
‘ಆ ಹೆಚ್ಚಿನ ಪೆಟ್ಟು…’
‘ಅದು ಸೀಗಲ್ ಕಟ್ ಅಂಕಲ್,
ಕಲಿಯಲು ನಾಲ್ಕು ತಿಂಗಳು ಹಿಡಿಯಿತು.
ಆ ಕಾಲದವರ ಕೈಯೇ ಬೇರೆ.’
ಕೈ ನೋಡಿಕೊಂಡೆ. ಜೆಲ್ಲಿ ಅಂಟಿತ್ತು.
ಒರೆಸಿಕೊಂಡು ಬಂದೆ.

ಕಡೆಯ ಶನಿವಾರ ಪಡುವಣದಲ್ಲಿ ಕಪ್ಪು ಕಟ್ಟಿತ್ತು,
ಬ್ಯಾನರು ಪಟಪಟ.
ಮೂರನೇ ಹಾಡು ಬಂತು, ಆ ಜಾಗ ಬಂತು,
ನಿಶಲ್ ಸರಿಯಾಗಿ ಬಾರಿಸಿದ.
ತಾಳ ನೀರಿನ ಹಾಗೆ ಹರಿದು ಹೋಯಿತು,
ಯಾರಿಗೂ ಗೊತ್ತಾಗಲಿಲ್ಲ.
ಇಳಿದು ಬಂದವನು ವಿಗ್ಗು ಕಿತ್ತು
ಮೆಟ್ಟಿಲ ಮೇಲೆ ಕೂತ, ತಲೆಯಿಂದ ಹಬೆ ಏಳುತ್ತಿತ್ತು.
‘ಇವತ್ತು ಹಾಳು ಮಾಡಿದೆ ಅಂಕಲ್.’

‘ನಿದ್ದೆ ಬರಲಿಲ್ಲವಾ?’ ಅಂದೆ.
ಅವನಿಗೆ ಅರ್ಥವಾಗಲಿಲ್ಲ.

‘ಇರಲಿ’ ಅಂದೆ ಆಮೇಲೆ,
ಸಿಪ್ರಿಯನ್ ಮಾಸ್ಟ್ರ ದನಿಯಲ್ಲಿ.
ನಕಲು ನನಗೂ ಬರುತ್ತದೆ.